ಸುಟ್ಟ ಗಾಯದ ವಾರ್ಡಿನಲ್ಲಿ ಕೊಳಲು

ಜೂನ್ ೧೪, ಭಾನುವಾರ

ನನ್ನ ಗುಬ್ಬೀ,

ಅಮ್ಮನ ಮುತ್ತುಗಳು. ಕಾಗದ ಬರೀತೀನಿ ಅಂತ ಹೇಳಿ ಇಷ್ಟು ತಡ ಮಾಡಿದೆ, ಮುನಿಸಿಕೊಳ್ಳಬೇಡ. ನನ್ನ ನರ್ಸ್ ಡ್ಯೂಟಿ ಸುಟ್ಟ ಗಾಯದ ವಾರ್ಡಿಗೆ ಹಾಕಿದ ಮೇಲೆ, ಮನೆಗೆ ಬಂದು ಕೂತರೆ ಸಾಕು, ಅಲ್ಲೇ ತೂಕಡಿಕೆ.

ವಾರ್ಡಿನಲ್ಲಿ ಒಬ್ಬರು ಬೇಕರಿಯವರಿದ್ದಾರೆ. ಒಲೆಯ ಬಾಗಿಲು ತೆಗೆದಾಗ ಬೆಂಕಿ ಚಿಮ್ಮಿ ಬಲಗೈ ಮೊಣಕೈವರೆಗೂ ಸುಟ್ಟಿದೆ. ಪಟ್ಟಿ ಬದಲಿಸುವ ಟ್ರಾಲಿಯ ಸದ್ದು ಕೇಳಿದರೆ ಸಾಕು, ಮೈಯೆಲ್ಲ ಸೆಟೆದು ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದರು. ನೋವಿಗೆ ಔಷಧಿ ಕೊಟ್ಟರೂ ಹೆದರಿಕೆ ಹೋಗಲಿಲ್ಲ. ಬೆರಳಿನ ವ್ಯಾಯಾಮವಂತೂ ದೂರದ ಮಾತು. "ಬೆರಳು ಹೀಗೇ ಬಿಗಿದುಕೊಂಡರೆ ಈ ಕೈ ಇನ್ನು ಹಿಟ್ಟು ನಾದಲ್ಲ" ಅಂದರು ಡಾಕ್ಟರು.

ಪಟ್ಟಿ ಬದಲಿಸುವಾಗ ಮೆಲ್ಲಗೆ ಸಂಗೀತ ಹಾಕೋಣವೇ ಅಂತ ಡಾಕ್ಟರನ್ನೇ ಕೇಳಿದೆ. "ಸಿಸ್ಟರ್, ಇದು ಆಸ್ಪತ್ರೆಯೋ ನಾಟಕದ ಕಂಪನಿಯೋ?" ಅಂತ ನಕ್ಕರು. ಆದರೂ ಬೇಡ ಅನ್ನಲಿಲ್ಲ.

ಮೊದಲ ದಿನವೇ ಎಡವಟ್ಟು. ನನಗಿಷ್ಟ ಅಂತ ಪಿಟೀಲು ಹಾಕಿದೆ. "ಅಯ್ಯೋ, ನನ್ನ ನರಾನೇ ಕುಯ್ದ ಹಾಗಿದೆ, ನಿಲ್ಲಿಸಿ ತಾಯೀ!" ಅಂತ ಬೇಕರಿಯವರು ಕೂಗಿಕೊಂಡರು. ಇಡೀ ವಾರ್ಡಿಗೆ ನಗು, ಕೊನೆಗೆ ಅವರಿಗೂ. "ಸರಿ, ನಿಮಗೇನು ಬೇಕು ಹೇಳಿ" ಅಂದೆ. ಸ್ವಲ್ಪ ನಾಚಿಕೊಂಡು, "ಕೊಳಲು. ಹಿಟ್ಟು ನಾದೋವಾಗ ಹಾಕ್ಕೊಳ್ತಿದ್ದೆ" ಅಂದರು.

ಮಾರನೆಯ ದಿನ ಟ್ರಾಲಿ ತರುವ ಮೊದಲೇ ಕೊಳಲು ಹಾಕಿಟ್ಟೆ. ಅವರ ಉಸಿರು ನಿಧಾನವಾಯಿತು. ಹಳೆಯ ಪಟ್ಟಿ ಬಿಡಿಸುವಾಗ ಹಲ್ಲು ಕಚ್ಚಿದರು, ಕಣ್ಣಲ್ಲಿ ನೀರೂ ಬಂತು, ಆದರೆ ಕೈ ಎಳೆದುಕೊಳ್ಳಲಿಲ್ಲ. ಎಡಗೈ ಮಾತ್ರ ಹೊದಿಕೆಯನ್ನು ನಾದುತ್ತಲೇ ಇತ್ತು. ದಿನವೂ ಹಾಗೇ ನಡೆಸಿದೆವು. ಮೊನ್ನೆ ಸುಟ್ಟ ಬೆರಳುಗಳೂ ಮೆಲ್ಲಗೆ ಮಡಚಿಕೊಂಡು ಬಿಚ್ಚಿಕೊಂಡವು. "ಸಿಸ್ಟರ್, ನೋಡಿ, ಇದಕ್ಕೂ ಕೆಲಸ ನೆನಪಿದೆ!" ಅಂತ ಮಗುವಿನ ಹಾಗೆ ಕೂಗಿದರು. ಡಾಕ್ಟರು ಈಗ ಒಳಗೆ ಬಂದರೆ ತಾವೇ ತಮ್ಮ ಮಾತಿನ ದನಿ ತಗ್ಗಿಸುತ್ತಾರೆ. ಕಿಟಕಿ ಪಕ್ಕದ ಅಜ್ಜಿಗೆ ಮಾತ್ರ ಯಾವ ಹಾಡೂ ಬೇಡ. ಅವರ ಸರದಿ ಬಂದಾಗ ಎಲ್ಲ ಬಂದ್.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಹಿಡಿದ ಕೆಲಸವೆಲ್ಲ ಕೈಗೂಡಲಿ, ಕಂದಾ.

ನಿನ್ನ
ಅಮ್ಮ

ಇನ್ನೊಂದು ಮಾತು. ಮೇಲೆ ಬರೆಯಲು ಮನಸ್ಸು ಬರಲಿಲ್ಲ. ನನ್ನ ಕಿವಿ ಮಂದವಾಗುತ್ತಿದೆ, ಗುಬ್ಬೀ. ಎದುರಿಗಿದ್ದವರ ಮಾತು ಮುಖ ನೋಡಿಕೊಂಡು ಹೇಗೋ ತಿಳಿಯುತ್ತದೆ; ಫೋನಿನಲ್ಲಿ ನಿನ್ನ ದನಿ ಬರುತ್ತದೆ, ಮಾತು ತಿಳಿಯುವುದಿಲ್ಲ. ಸುಮ್ಮನೆ ಹೂಂಗುಟ್ಟುತ್ತೇನೆ. ಕಿವಿಗೆ ಮಿಷನ್ ಹಾಕಿದರೆ ಚೆನ್ನಾಗಿ ಕೇಳಿಸುತ್ತದಂತೆ. ಹಾಕಿಸುವ ದಿನ ನೀನು ಬಾ. ಮೊದಲು ನಿನ್ನ ಮಾತೇ ಕಿವಿಗೆ ಬೀಳಲಿ.