ಜಗಲಿ ಕೆಡವಿದ್ದು

ಮಾರ್ಚ್ 4, ಬೆಳಿಗ್ಗೆ

ಮತ್ತೆ ಫ್ಲಾಸ್ಕು, ಮತ್ತೆ ಆಸ್ಪತ್ರೆ. ಹಿತ್ತಲಿನ ಮರದ ಜಗಲಿಯ ಹಲಗೆ ಕುಸಿದು ಬಿದ್ದ ನಮ್ಮ ಯಜಮಾನರು ಸೊಂಟದ ಆಪರೇಷನ್ ಆಗಿ ಮಲಗಿದ್ದಾರೆ. ಇವರೇ ಕೈಯಾರೆ ಕಟ್ಟಿದ್ದ ಜಗಲಿ. ಮನೆಯ ಮುಂದಿನ ಮೆಟ್ಟಿಲು ಹತ್ತುವ ಮಾತೇ ಇಲ್ಲ ಎಂದಿದ್ದಾರೆ ಡಾಕ್ಟರು. ವೀಲ್‌ಚೇರ್ ಹಿಂದಿನ ಬಾಗಿಲಿನಿಂದಲೇ ಬರಬೇಕು. ಅಂದರೆ ಜಗಲಿ ಹೋಗಬೇಕು, ಆ ಜಾಗದಲ್ಲಿ ಇಳಿಜಾರು ಬರಬೇಕು. ಇವರಿಗೆ ಹೇಳಿಲ್ಲ.

"ಒಂದೆರಡು ಹಲಗೆ ಬದಲಾಯಿಸಿದ್ರಾಯ್ತು. ನಾನು ಬಂದ್ಮೇಲೆ ನೋಡ್ತೀನಿ" ಅಂದರು. ಹೂಂ ಅಂದೆ.

ಮಾರ್ಚ್ 6

ಒಬ್ಬ ಕಂಟ್ರಾಕ್ಟರ್ ಬರುತ್ತೇನೆಂದು ಕೈಕೊಟ್ಟ. ಇನ್ನೊಬ್ಬ ಏನೂ ನೋಡದೆ ಫೋನಿನಲ್ಲೇ ರೇಟು ಹೇಳಿಬಿಟ್ಟ. ಕೊನೆಗೆ ಬಂದವಳು ಒಬ್ಬ ಹೆಂಗಸು. ಜಗಲಿಯಡಿ ತೂರಿ, ತಲೆತುಂಬ ಜೇಡರಬಲೆ ಮಾಡಿಕೊಂಡು ಹೊರಬಂದಳು.

"ಅಕ್ಕಾ, ಕಂಬ ಪೂರಾ ಗೆದ್ದಲು ತಿಂದಿದೆ. ಬೇಲಿನೂ ಇದಕ್ಕೇ ಒರಗಿಕೊಂಡಿದೆ, ಇದನ್ನ ತೆಗೆದ್ರೆ ಅದೂ ಮಲಗುತ್ತೆ. ಪಕ್ಕದ ಮನೆಯವರನ್ನ ಒಂದ್ಮಾತು ಕೇಳ್ಬಿಡಿ."

ಪಕ್ಕದ ಮನೆಯವರು ಅಂದರೆ ಮೇಷ್ಟ್ರು. ಅವರ ನಿಂಬೆಗಿಡದ ಕೊಂಬೆ ಈ ಕಡೆ ಬಂತೆಂದು ಇವರು ಕಡಿದಾಗಿನಿಂದ ಮಾತಿಲ್ಲ, ಕತೆಯಿಲ್ಲ. ಇವತ್ತು ಬೇಡ. ಆಸ್ಪತ್ರೆಗೆ ಓಡಾಡಿ ಕಾಲು ಸೋತಿವೆ.

ಮಾರ್ಚ್ 9

ಹೋದೆ. ಮೇಷ್ಟ್ರು ಬನಿಯನ್ನಿನಲ್ಲೇ ಬಾಗಿಲು ತೆಗೆದು, ನನ್ನನ್ನು ಕಂಡು ಒಳಗೆ ಹೋಗಿ ಶರ್ಟು ಹಾಕಿಕೊಂಡು ಬಂದರು. ಕೂತ್ಕೊಳ್ಳಿ ಅನ್ನಲಿಲ್ಲ. ಬೇಲಿಯ ವಿಷಯ ಹೇಳಿದೆ.

"ಅವರೇ ಬಂದು ಕೇಳಬಹುದಿತ್ತು."

"ನಡೆಯೋ ಹಾಗಿದ್ರೆ ಬರ್ತಿದ್ರೋ ಇಲ್ವೋ, ಗೊತ್ತಿಲ್ಲ ಮೇಷ್ಟ್ರೇ. ಈಗಂತೂ ನಡೆಯೋ ಹಾಗಿಲ್ಲ."

ಮುಖ ಸಪ್ಪಗಾಯಿತು. ಬಿದ್ದದ್ದು ಗೊತ್ತೇ ಇರಲಿಲ್ಲವಂತೆ. ಅವತ್ತು ನಾನು ಅಷ್ಟು ಕೂಗಿಕೊಂಡೆನಲ್ಲ, ಅದೂ ಕೇಳಿಸಲಿಲ್ಲವಾ? ಕೇಳಿಸಿತ್ತಂತೆ.

"ನೀವಿಬ್ರೂ ಯಾವಾಗ್ಲೂ ಹಾಗೇ ಅಲ್ವಾ ಅಂದ್ಕೊಂಡೆ."

ನಕ್ಕುಬಿಟ್ಟೆ. ಎಷ್ಟು ದಿನದ ಮೇಲೆ... ಮೇಷ್ಟ್ರು ಗಾಬರಿಯಾಗಿ "ತೆಗೆಸಿ, ತೆಗೆಸಿ" ಅಂದರು.

ಮಾರ್ಚ್ 14

ಕೆಡವುವುದು ಒಂದೇ ದಿನಕ್ಕೆ ಮುಗಿಯಿತು, ಬೇಲಿಯೂ ಜೊತೆಗೇ ಮಲಗಿತು. ನಾಳೆ ಇಳಿಜಾರು ಕೂರಿಸುತ್ತಾರೆ. ಸುತ್ತಿಗೆ, ಗರಗಸ, ಧೂಳು. ಇವರು ಒಂದು ಇಡೀ ಬೇಸಿಗೆಯ ಸಂಜೆಗಳನ್ನು ಸುರಿದು ಕಟ್ಟಿದ್ದು ಮಧ್ಯಾಹ್ನದ ಹೊತ್ತಿಗೆ ಲಾರಿಯಲ್ಲಿತ್ತು. ಅಳು ಬರುತ್ತದೆಂದುಕೊಂಡಿದ್ದೆ — ಬೆನ್ನುನೋವು ಬಂತು.

ಮಧ್ಯೆ ಇವರ ಫೋನ್.

"ಏನದು ಸದ್ದು?"

"ಪಕ್ಕದ ಮನೇಲಿ ಏನೋ ರಿಪೇರಿ."

"ಆ ಮನುಷ್ಯನಿಗೆ ಬೇರೆ ಕೆಲಸ ಇಲ್ಲ."

ಮಾರ್ಚ್ 17

ಕರೆತಂದೆವು. ಹಿತ್ತಲಿಗೆ ಹೋಗುವ ನಮ್ಮ ಸಂದಿಯಲ್ಲಿ ವೀಲ್‌ಚೇರ್ ಸಿಕ್ಕಿಕೊಂಡಿತು. ಅಳತೆ ನೋಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಆಂಬುಲೆನ್ಸ್ ಡ್ರೈವರ್ ಕೈಚೆಲ್ಲಿದ. ನೋಡಿದರೆ, ಮೇಷ್ಟ್ರು ತಮ್ಮ ಗೇಟು ತೆಗೆದು ನಿಂತಿದ್ದಾರೆ.

"ಈ ಕಡೆಯಿಂದ ಬನ್ನಿ. ಹೇಗಿದ್ರೂ ಬೇಲಿ ಇಲ್ವಲ್ಲ."

ಇವರು ನನ್ನ ಮುಖ ನೋಡಿದರು. ಆಮೇಲೆ ಕಣ್ಣು ಮುಚ್ಚಿಕೊಂಡರು. ಮೇಷ್ಟ್ರು ಏದುಸಿರು ಬಿಡುತ್ತ ತಮ್ಮ ಹಿತ್ತಲು ದಾಟಿಸಿ, ನಮ್ಮ ಇಳಿಜಾರಿನವರೆಗೂ ತಳ್ಳಿದರು. ಇವರು ಕಣ್ಣು ತೆರೆದಾಗ ಮೇಷ್ಟ್ರು ಹೊರಟುಹೋಗಿದ್ದರು.

"ಎಲ್ಲಾ ತೆಗೆಸಿಬಿಟ್ಯಾ?"

"ಹೂಂ."

"ಕೇಳಿದ್ರೆ ಬೇಡ ಅಂತಿದ್ದೆ."

"ಅದಕ್ಕೇ ಕೇಳ್ಲಿಲ್ಲ."

ಆಮೇಲೆ ಊಟ ಪೂರ್ತಿ ಮಾಡಿದರು.

ಮಾರ್ಚ್ 21, ಸಂಜೆ

ಕಂಟ್ರಾಕ್ಟರಮ್ಮನ ಫೋನ್. ಹೊಸ ಬೇಲಿಯ ಕಂಬಕ್ಕೆ ಸೋಮವಾರ ಗುಂಡಿ ತೋಡಲೇ ಎಂದು. ಈ ಸಲ ಇವರನ್ನು ಕೇಳಿದೆ.

"ಮತ್ತೆ ಆಸ್ಪತ್ರೆಗೆ ಹೋಗ್ಬೇಕಲ್ಲ, ಹೊರಗೆ ಹೋಗೋದು ಎಲ್ಲಿಂದ?"

"ಅವರ ಗೇಟಿಂದ್ಲೇ."

"ಹಾಗಾದ್ರೆ ಈಗ್ಲೇ ಬೇಡ ಅನ್ನು." ನಾನು ಅವಳಿಗೆ ಬೇಡ ಅಂದ ಮೇಲೆ, "ಮೇಷ್ಟ್ರ ಹತ್ರ ನೀನೇನೂ ಹೇಳೋಕೆ ಹೋಗ್ಬೇಡ. ನಾನೇ ಮಾತಾಡ್ತೀನಿ."

ಹಿಂದಿನ ಬಾಗಿಲಿಗೆ ತಳ್ಳು ಅಂದರು. ತಳ್ಳಿ, ಇಲ್ಲಿ ಬಂದು ಕೂತಿದ್ದೇನೆ. ಆಗಿನಿಂದ ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ. ಈಗ ಕೂಗಿದರು, ಮೇಷ್ಟ್ರೇ ಎಂದು. ಆ ಕಡೆ ಮೇಷ್ಟ್ರ ಬಾಗಿಲಿನ ಚಿಲಕ ತೆಗೆದ ಸದ್ದು.