ನಿನಗೊಲಿದ ನರ

ಚಿನಕುರುಳಿ,

ನೀನು ಹೋಗಿ ವರ್ಷವಾದರೂ ನಿನ್ನ ಮೇಲೆ ನನಗೆ ಹೊಟ್ಟೆಯುರಿ ತಪ್ಪಲಿಲ್ಲ. ಒಂದೇ ಕಾಯಿಲೆ ಅಕ್ಕತಂಗಿಯರಿಬ್ಬರ ಮೂತ್ರಪಿಂಡವನ್ನೂ ತಿಂದಿತು; ಒಳ್ಳೆಯ ನರಗಳು ಮಾತ್ರ ನಿನ್ನ ಪಾಲಿಗೇ ಹೋದವು.

ಕಳೆದ ತಿಂಗಳು ಶಸ್ತ್ರವೈದ್ಯರು ನನ್ನ ಕೈಗೆ ಪಟ್ಟಿ ಬಿಗಿದು ಬಹಳ ಹೊತ್ತು ತಡಕಿದರು. "ಡಯಾಲಿಸಿಸ್ಸಿಗೆ ಕೈಯ ಸ್ವಂತ ನರಾನ ಧಮನಿಗೆ ಜೋಡಿಸಿ ಫಿಸ್ಟುಲಾ ಮಾಡೋದೇ ಉತ್ತಮ, ವರ್ಷಗಟ್ಲೆ ಬಾಳುತ್ತೆ. ಆದ್ರೆ ನಿಮ್ಮ ನರ ದಾರದ ಹಾಗಿದೆ, ಬಲಿಯೋದಿಲ್ಲ. ಸದ್ಯಕ್ಕೆ ಕುತ್ತಿಗೆಗೆ ಹಾಕಿರೋ ಈ ನಳಿಕೆ ಹೀಗೇ ಬಿಟ್ರೆ ಸೋಂಕಿನ ಭಯ. ಮೊಣಕೈ ಕೆಳಗೆ ಪ್ಲಾಸ್ಟಿಕ್ ನಾಳ ಹಾಕೋಣ. ಆಗಾಗ ರಕ್ತ ಹೆಪ್ಪುಗಟ್ಟಬಹುದು, ಆದ್ರೂ ನಳಿಕೆಗಿಂತ ವಾಸಿ," ಎಂದರು.

ನಾನು ತಲೆಯಾಡಿಸುವ ಮೊದಲೇ ಅಮ್ಮ ಬಾಯಿ ಹಾಕಿದಳು. "ನಮ್ಮ ಚಿಕ್ಕವಳಿಗೆ ಮೊದಲ್ನೇ ಸಲಕ್ಕೇ ಫಿಸ್ಟುಲಾ ಆಗಿತ್ತು ಡಾಕ್ಟ್ರೇ. ಅವಳ ಕೈ ನೋಡಿ ನರ್ಸಮ್ಮನೋರೆಲ್ಲ ಖುಷಿಪಡೋರು."

"ಹೌದಮ್ಮ, ಅವಳದ್ದು ಚಿನ್ನದ ಕೈ. ನನ್ನದು ಪ್ಲಾಸ್ಟಿಕ್ಕು," ಎಂದೆ. ವೈದ್ಯರು ನಕ್ಕರು, ಅಮ್ಮ ನಗಲಿಲ್ಲ.

ಇವತ್ತು ಹೊಲಿಗೆ ಬಿಚ್ಚಿದರು. ನಾಳದೊಳಗೆ ರಕ್ತ ಹರಿಯುವುದು ಬೆರಳಿಗೆ ಜುಮ್ಮೆಂದು ತಾಗುತ್ತದೆ. ಮನೆಗೆ ಬಂದೊಡನೆ ಅಮ್ಮ ನನ್ನ ಕೈಯನ್ನು ಮಡಿಲಿಗೆಳೆದುಕೊಂಡು ಅದರ ಮೇಲೆ ಕಿವಿಯಿಟ್ಟಳು. ಎಷ್ಟು ಕಾಲವಾಗಿತ್ತು ಅವಳು ನನ್ನನ್ನು ಹಾಗೆ ಹಿಡಿದು!

"ಅವಳ ಕೈಲೂ ಹೀಗೇ ಗುಯ್ ಅಂತಿತ್ತು ಕಣೆ," ಎಂದು ಕಣ್ಣು ಮುಚ್ಚಿದಳು.

ಅವಳು ಕೇಳುತ್ತಿದ್ದುದು ನಿನ್ನನ್ನು. ಕೈ ಕಿತ್ತುಕೊಳ್ಳಬೇಕೆನಿಸಿತು. ಕಿತ್ತುಕೊಳ್ಳಲಿಲ್ಲ.

ಅಮ್ಮ ಎದ್ದು ಒಳಗೆ ಹೋದ ಮೇಲೆ, ಕೈಯೆತ್ತಿ ನಾನೂ ಕಿವಿಗೆ ಹಿಡಿದುಕೊಂಡೆ.