ಈ ಸಲದ ಆಟ ಬೆಂಗಳೂರಿನಲ್ಲಿ

ಹೋಯ್, ಅಭಿಜ್ಞಾಳ ಅಪ್ಪ,

ಬೆಂಗಳೂರಿಗೆ ಹೊರಟೆ. ಒಂದು ವಾರ ತಂಗಿ ಚೇತನಾಳ ಮನೆ. ನಾಟಕ, ಗಜಲ್, ಪಬ್ಬಿನಲ್ಲಿ ಬ್ಯಾಂಡಿನ ಹಾಡು, ಎಲ್ಲಾ ಇದೆ.

ದೋಸೆ ಹಿಟ್ಟು ಫ್ರಿಜ್ಜಿನಲ್ಲಿದೆ. ಹಾಲು ಒಲೆ ಮೇಲಿಟ್ಟು ಫೋನ್ ಹಿಡಿದು ಕೂರಬೇಡಿ.

ನೀವು ಮಂಚಿಕೇರಿಯಲ್ಲಿ ಬೆಳಗಿನ ತನಕ ಯಕ್ಷಗಾನದ ಆಟ ನೋಡಿ ಬಂದು ಮಧ್ಯಾಹ್ನದವರೆಗೆ ಗೊರಕೆ ಹೊಡೆದರೆ ಅದು ಸಂಸ್ಕೃತಿ. ನಾನು ಪಬ್ಬಿನಲ್ಲಿ ಹಾಡು ಕೇಳಿದರೆ ಮನೆತನದ ಮರ್ಯಾದೆ ಹೋಗುತ್ತದಂತೆ. ಅಲ್ಲಿ ಚೆಂಡೆ ಬದಲು ಡ್ರಮ್ಸ್, ಅಷ್ಟೇ.

“ಆಯಿ ಹತ್ರ ಕೇಳಿ ಹೋಗು” ಅಂದಿರಲ್ಲ, ಕೇಳಿದೆ. ನಿಮ್ಮ ಆಯಿ, ಅಂದರೆ ನನ್ನ ಅತ್ತೆ, ಹೇಳಿದ್ದು ಇಷ್ಟೇ: “ಆನೂ ಬರ್ತೆ.” ಹಾಗಾಗಿ ಇಬ್ಬರೂ ಹೊರಟಿದ್ದೇವೆ.

ನೀವು ಆಟಕ್ಕೆ ಹೊದ್ದು ಹೋಗುವ ಶಾಲು ಹುಡುಕಬೇಡಿ. ಪಬ್ಬಿನಲ್ಲಿ ಏಸಿ ಜೋರಂತೆ ಎಂದು ಅತ್ತೆ ಚೀಲಕ್ಕೆ ತುಂಬಿಕೊಂಡಿದ್ದಾರೆ.

ರೋಹಿಣಿ